ಮೂರು ವರ್ಷದ ಮಗುವಿನ ಮುಂದೆ ಮೊದಲ ದಿನ

ಜೂನ್ ತಿಂಗಳ ಬೆಳಗಿನ ಬಸ್ಸಿನಲ್ಲಿ ಶಿಕ್ಷಕ ತರಬೇತಿಯ ಹುಡುಗಿಯರನ್ನು ಗುರುತಿಸುವುದು ಕಷ್ಟವಲ್ಲ. ಕಂಕುಳಲ್ಲಿ ಸುರುಳಿ ಸುತ್ತಿದ ಚಾರ್ಟು, ಕೈಯಲ್ಲಿ ಥರ್ಮಾಕೋಲಿನ ಹಣ್ಣಿನ ಬುಟ್ಟಿ, ಬ್ಯಾಗಿನೊಳಗೆ ಬಣ್ಣದ ಶಾಯಿಯಲ್ಲಿ ಅಂಚು ಕಟ್ಟಿದ ಪಾಠ ಯೋಜನೆಯ ಪುಸ್ತಕ. ಎಲ್ಲವೂ ರಾತ್ರಿ ಹನ್ನೊಂದರವರೆಗೆ ಕೂತು ಕತ್ತರಿಸಿ, ಅಂಟಿಸಿ, ಬಣ್ಣ ತುಂಬಿದ್ದು. ಮಡಿಕೆ ಬೀಳಬಾರದೆಂದು ಸೀಟು ಸಿಕ್ಕರೂ ನಿಂತೇ ಬರುತ್ತಾರೆ. ಶಾಲೆಯ ಬಾಗಿಲಿಗೆ ಬಂದರೆ ಅಲ್ಲಿ ಮೂರು ವರ್ಷದ ಮಗುವೊಂದು ಅಮ್ಮನ ಸೆರಗು ಹಿಡಿದು ಗಂಟಲು ಹರಿಯುವ ಹಾಗೆ ಅಳುತ್ತಿರುತ್ತದೆ. ಇನ್ನೊಂದು ಚಡ್ಡಿ ಒದ್ದೆ ಮಾಡಿಕೊಂಡು ಮೂಲೆಯಲ್ಲಿ ನಿಂತಿರುತ್ತದೆ. ಮತ್ತೊಂದು ಸೀದಾ ಬಂದು ಥರ್ಮಾಕೋಲಿನ ಮಾವಿನಹಣ್ಣನ್ನು ಕಚ್ಚಿ ನೋಡುತ್ತದೆ.

ಪಾಠ ಯೋಜನೆಯ ಪುಸ್ತಕದಲ್ಲಿ ಈ ಮೂವರಿಗೂ ಜಾಗವಿಲ್ಲ.

ಇದರಲ್ಲಿ ಆ ಹುಡುಗಿಯ ತಪ್ಪೇನೂ ಇಲ್ಲ. ತರಬೇತಿ ಕಾಲೇಜುಗಳಲ್ಲಿ ಕೈಯಿಂದ ಕೈಗೆ ಬಂದಿರುವ ಪಾಠ ಯೋಜನೆಯ ಮಾದರಿ ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಶಿಕ್ಷಣ ಚಿಂತಕ ಹರ್ಬಾರ್ಟನ ಅನುಯಾಯಿಗಳು ಪಾಠವನ್ನು ಐದು ಹಂತಗಳಾಗಿ ವಿಂಗಡಿಸಿದರು. ಮೊದಲು ಸಿದ್ಧತೆ, ಆಮೇಲೆ ಮಂಡನೆ, ಹೋಲಿಕೆ, ಸಾಮಾನ್ಯೀಕರಣ, ಕೊನೆಗೆ ಅನ್ವಯ. ಬೆಂಚಿನ ಮೇಲೆ ಕೂತು, ಹೇಳಿದ್ದನ್ನು ಕೇಳಿಸಿಕೊಂಡು, ಕೇಳಿದ್ದಕ್ಕೆ ಉತ್ತರಿಸುವ ವಯಸ್ಸಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡ ಕ್ರಮ ಅದು. ಅದೇ ಅಂಗಿಯನ್ನು ಸ್ವಲ್ಪ ಚಿಕ್ಕದು ಮಾಡಿ ಮೂರು ವರ್ಷದ ಮಗುವಿಗೆ ತೊಡಿಸಲು ಹೊರಟರೆ ತೋಳು ಎಲ್ಲೋ, ಕತ್ತು ಎಲ್ಲೋ ಆಗುತ್ತದೆ. ಎಳೆಯರ ತರಗತಿಗೆ ಅಭ್ಯಾಸ ಬೋಧನೆಗೆಂದು ಹೋಗುವವರು ಮೊದಲು ಸಿದ್ಧ ಮಾಡಿಕೊಳ್ಳಬೇಕಾದದ್ದು ಕಣ್ಣು, ಕಿವಿ, ದನಿ ಮತ್ತು ಮೊಣಕಾಲು. ಚಾರ್ಟಿನ ಸರದಿ ಅದಾದ ಮೇಲೆ.

ಮೊಣಕಾಲು ಎಂದದ್ದಕ್ಕೆ ಕಾರಣವಿದೆ. ಮೂರು ವರ್ಷದ ಮಗುವಿನ ಸರಾಸರಿ ಎತ್ತರ ಸುಮಾರು 95 ಸೆಂಟಿಮೀಟರ್. ಎದುರು ನಿಂತ ಶಿಕ್ಷಕಿಯ ಮುಖ ಅದಕ್ಕೆ ಕಾಣುವುದು ಕತ್ತು ಹಿಂದಕ್ಕೆ ಬಾಗಿಸಿದಾಗ ಮಾತ್ರ; ಇಲ್ಲದಿದ್ದರೆ ಎದುರಿಗಿರುವುದು ಸೀರೆಯ ನೆರಿಗೆ ಅಥವಾ ಚೂಡಿದಾರದ ವೇಲು. ನೆಲಕ್ಕೆ ಕೂತು ಮಾತಾಡುವ, ಕೂತಲ್ಲಿಂದ ಕೈಯೂರದೆ ಏಳುವ, ಮತ್ತೆ ಕೂರುವ ಅಭ್ಯಾಸ ಇಲ್ಲದವರಿಗೆ ಮೊದಲ ವಾರ ಮುಗಿಯುವುದರೊಳಗೆ ಸೊಂಟ ಹಿಡಿಯುತ್ತದೆ. ಯಾವ ಕಾಲೇಜೂ ಇದನ್ನು ಹೇಳಿಕೊಡುವುದಿಲ್ಲ.

ಈ ಮಾತಿಗೆ ಈಗ ತುರ್ತು ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಕರೆಯಿತು. ಕೆ. ಕಸ್ತೂರಿರಂಗನ್ ನೇತೃತ್ವದ ಸಮಿತಿ ಸಿದ್ಧಪಡಿಸಿದ ಆ ಹಂತದ ಪಠ್ಯಕ್ರಮ ಚೌಕಟ್ಟು 2022ರ ಅಕ್ಟೋಬರಿನಲ್ಲಿ ಹೊರಬಂತು. ಕರ್ನಾಟಕ ತನ್ನದೇ ಶಿಕ್ಷಣ ನೀತಿಯ ದಾರಿ ಹಿಡಿದಿದ್ದರೂ, ಒಂದನೇ ತರಗತಿಗೆ ಮೊದಲಿನ ವರ್ಷಗಳು ಶಾಲೆಯ ಲೆಕ್ಕಕ್ಕೆ ಸೇರಬೇಕು ಎಂಬ ವಿಷಯದಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುತ್ತಿವೆ. ಹಾಗೆ ತೆರೆದರೆ ಅಂಗನವಾಡಿಗೆ ಮಕ್ಕಳೇ ಉಳಿಯುವುದಿಲ್ಲ ಎಂದು 2024ರಲ್ಲಿ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಆತಂಕದ ಹಿಂದೆ ದೊಡ್ಡ ಚರಿತ್ರೆಯಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ ನೂರು ಕೇಂದ್ರಗಳಿಂದ ಆರಂಭವಾದದ್ದು ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಮೀರಿದೆ. ಸಣ್ಣ ಮಕ್ಕಳ ನಡುವೆ ನಿಲ್ಲುವುದನ್ನು ಕಲಿಯಲು ಬರುವವರಿಗೆ ನಾಡಿನಲ್ಲಿರುವ ಅತಿ ದೊಡ್ಡ ಶಾಲೆ ಇದೇ. ಹಾಗಿದ್ದೂ ತರಬೇತಿ ಸಂಸ್ಥೆಗಳು ತಮ್ಮ ವಿದ್ಯಾರ್ಥಿನಿಯರನ್ನು ಕಳಿಸಲು ಹುಡುಕುವುದು ಸಾಮಾನ್ಯವಾಗಿ ಬಣ್ಣದ ಗೋಡೆಯ ನರ್ಸರಿಗಳನ್ನು.

ತರಬೇತಿಯೂ ಒಂದೇ ಬಗೆಯದಲ್ಲ. ಎನ್‌ಟಿಟಿ (ನರ್ಸರಿ ಶಿಕ್ಷಕ ತರಬೇತಿ) ಎಂಬ ಹೆಸರಿನಲ್ಲಿ ಆರು ತಿಂಗಳ ಕೋರ್ಸೂ ಉಂಟು, ಎರಡು ವರ್ಷದ್ದೂ ಉಂಟು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳಲ್ಲಿ ಶಾಲಾಪೂರ್ವ ಶಿಕ್ಷಣಕ್ಕೆಂದೇ ಎರಡು ವರ್ಷದ ಡಿಪ್ಲೊಮಾ ಇದೆ. ಅದೇ ನಿಯಮಗಳು ಎರಡು ವರ್ಷದ ಬಿ.ಎಡ್.ಗೆ 20 ವಾರಗಳ ಶಾಲಾ ಇಂಟರ್ನ್‌ಶಿಪ್ ವಿಧಿಸಿ, ಅದರಲ್ಲಿ ನಾಲ್ಕು ವಾರಗಳನ್ನು ಮೊದಲ ವರ್ಷಕ್ಕೂ ಹದಿನಾರನ್ನು ಎರಡನೆಯ ವರ್ಷಕ್ಕೂ ಹಂಚಿದವು. ಆ ಹಂಚಿಕೆಯ ಹಿಂದಿನ ವಿವೇಕ ಸರಳವಾದದ್ದು. ಮೊದಲು ಹೋಗಿ ನೋಡಲಿ, ಪಾಠ ಆಮೇಲೆ ಮಾಡಲಿ. ದೊಡ್ಡ ಮಕ್ಕಳ ಶಿಕ್ಷಕರಿಗೇ ಇಷ್ಟು ಬೇಕೆಂದಾದರೆ, ಮಾತು ಇನ್ನೂ ಪೂರ್ತಿ ಬಾರದ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಎಷ್ಟು ಬೇಕು!

ಸಿದ್ಧತೆ ಕೈಕೊಟ್ಟ ಮೊದಲ ದಿನದ ಕತೆಗಳಲ್ಲಿ ಗಿಜುಭಾಯಿ ಬಧೇಕ ಬರೆದದ್ದನ್ನು ಮೀರಿಸಿದ್ದು ಸಿಗುವುದು ಕಷ್ಟ. 1885ರಲ್ಲಿ ಗುಜರಾತಿನ ಚಿತ್ತಲ್ ಎಂಬಲ್ಲಿ ಹುಟ್ಟಿದ ಇವರು ವಕೀಲರಾಗಿದ್ದವರು. ತಮ್ಮ ಮಗನನ್ನು ಓದಿಸುವ ಚಿಂತೆಯಲ್ಲಿ ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸರಿಯವರ ಬರಹಗಳನ್ನು ಹಿಡಿದು, ಕೋರ್ಟು ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿ, 1920ರಲ್ಲಿ ಅಲ್ಲಿ ಬಾಲಮಂದಿರ ತೆರೆದರು. ಮಕ್ಕಳ ಮೇಲಿನ ಮಮತೆಗಾಗಿ ಜನ ಅವರನ್ನು ಮೀಸೆಯುಳ್ಳ ತಾಯಿ ಎಂದರು. ಅವರ ‘ದಿವಾಸ್ವಪ್ನ’ದಲ್ಲಿ ಲಕ್ಷ್ಮೀರಾಮ್ ಎಂಬ ಉತ್ಸಾಹಿ ಶಿಕ್ಷಕ ಸರ್ಕಾರಿ ಶಾಲೆಯ ನಾಲ್ಕನೇ ತರಗತಿಯನ್ನು ಪ್ರಯೋಗಕ್ಕೆಂದು ಕೇಳಿ ಪಡೆಯುತ್ತಾನೆ. ಯಾವ ಹೊತ್ತಿಗೆ ಏನು ಎಂದು ಮನೆಯಲ್ಲೇ ಕೂತು ಬರೆದುಕೊಂಡು ಬಂದಿರುತ್ತಾನೆ. ಮೊದಲಿಗೆ ಮೌನದ ಆಟ. ಕಿಟಕಿ ಬಾಗಿಲು ಮುಚ್ಚಿ, ಕತ್ತಲು ಮಾಡಿ, ಸುಮ್ಮನೆ ಕೂತು ಸದ್ದುಗಳನ್ನು ಕೇಳಿಸಿಕೊಳ್ಳಿ ಎನ್ನುತ್ತಾನೆ. ಹುಡುಗರು ಕೂಗುತ್ತಾರೆ, ತಟ್ಟುತ್ತಾರೆ, ನಗುತ್ತಾರೆ. ಯೋಜನೆ ಅರ್ಧ ಗಂಟೆಯೂ ಬಾಳುವುದಿಲ್ಲ. ಅವನು ಮಕ್ಕಳಿಗೆ ರಜೆ ಕೊಟ್ಟು ಕಳಿಸಿಬಿಡುತ್ತಾನೆ, ಮುಖ್ಯೋಪಾಧ್ಯಾಯರು ಸಿಟ್ಟಾಗುತ್ತಾರೆ. ಮರುದಿನ ಬಂದವನು ಕೈಯಲ್ಲಿ ಏನೂ ಹಿಡಿಯದೆ ಒಂದು ಕತೆ ಶುರು ಮಾಡುತ್ತಾನೆ. ಆಗ ತರಗತಿ ಕೂರುತ್ತದೆ.

ಈ ಪುಸ್ತಕವನ್ನು ಓದುವ ಹಲವರು ಕತೆಯ ಮಹಿಮೆಯಷ್ಟನ್ನೇ ಎತ್ತಿಕೊಳ್ಳುತ್ತಾರೆ. ಅದಕ್ಕಿಂತ ಬೆಲೆಯುಳ್ಳದ್ದು ಮೊದಲ ದಿನ ಮತ್ತು ಎರಡನೆಯ ದಿನದ ನಡುವಿನ ರಾತ್ರಿ. ಈ ಮಕ್ಕಳು ಯಾರು ಎಂದು ತಿಳಿಯದೆಯೇ ಯೋಜನೆ ಮಾಡಿದೆನಲ್ಲ ಎಂದು ಅವನಿಗೆ ಹೊಳೆದದ್ದು ಆ ರಾತ್ರಿ. ಅಭ್ಯಾಸ ಬೋಧನೆಗೆ ಹೊರಡುವವರಿಗೆ ಅಂಥ ಒಂದು ರಾತ್ರಿಯ ಅವಕಾಶ ಇರಬೇಕು. ಮೊದಲ ದಿನವೇ ಉಪನ್ಯಾಸಕರು ಹಿಂದಿನ ಕುರ್ಚಿಯಲ್ಲಿ ಕೂತು ಅಂಕ ಹಾಕತೊಡಗಿದರೆ ಆ ಅವಕಾಶ ಹೋಯಿತು.

ಇನ್ನು ನೋಡುವುದರ ವಿಷಯ. ನೋಡುವುದೇನು ಮಹಾ, ಕಣ್ಣಿದ್ದವರೆಲ್ಲ ನೋಡುತ್ತಾರೆ ಎನಿಸಬಹುದು. ತರಬೇತಿಗೆ ಬಂದವರ ದಿನಚರಿಯ ಪುಸ್ತಕ ತೆರೆದರೆ ಸಾಮಾನ್ಯವಾಗಿ ಸಿಗುವ ಸಾಲು ಇಂಥದ್ದು: ‘ಹುಡುಗ ಹಟಮಾರಿ. ಬೇರೆಯವರ ಜೊತೆ ಬೆರೆಯುವುದಿಲ್ಲ.’ ಅದೇ ಹುಡುಗನ ಅದೇ ಹತ್ತು ನಿಮಿಷವನ್ನು ಹೀಗೂ ಬರೆಯಬಹುದು: ‘10.20. ಮರಳಿನ ಹತ್ತಿರ ಕೂತ. ಪಕ್ಕದ ಹುಡುಗಿ ಲೋಟ ಕೇಳಿದಳು. ಕೊಡಲಿಲ್ಲ. ಲೋಟಕ್ಕೆ ಮರಳು ತುಂಬಿ ನೆಲಕ್ಕೆ ಸುರಿದ, ಏಳು ಸಲ. ಎಂಟನೆಯ ಸಲ ಅವಳ ತಟ್ಟೆಗೆ ಸುರಿದ. ಅವಳು ನಕ್ಕಳು. ಇವನು ನಗಲಿಲ್ಲ, ಮತ್ತೆ ತುಂಬಿದ.’ ಮೊದಲನೆಯದು ತೀರ್ಪು. ಅದನ್ನು ಓದಿದ ಶಿಕ್ಷಕಿಗೆ ನಾಳೆ ಮಾಡಲು ಏನೂ ಉಳಿಯುವುದಿಲ್ಲ. ಎರಡನೆಯದನ್ನು ಓದಿದರೆ ನಾಳೆ ಇನ್ನೊಂದು ಲೋಟ ಇಡಬಹುದು, ಒಂದು ದೊಡ್ಡ ಬೋಗುಣಿ ಇಟ್ಟು ಇಬ್ಬರೂ ಅದಕ್ಕೇ ಸುರಿಯುವಂತೆ ಮಾಡಬಹುದು, ಎಷ್ಟು ಲೋಟ ಹಿಡಿಯಿತು ಎಂದು ಕೇಳಬಹುದು. ಗಣಿತ ಅಲ್ಲಿಂದಲೇ ಶುರು.

ಆ ಹುಡುಗನದು ಹಟವೂ ಅಲ್ಲ. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ ನರ್ಸರಿ ಮಕ್ಕಳನ್ನು ದಿನಗಟ್ಟಲೆ ನೋಡಿ 1932ರಲ್ಲಿ ಪ್ರಕಟಿಸಿದ ಬರಹದಲ್ಲಿ ಇಂಥ ಆಟವನ್ನು ಗುರುತಿಸಿದ್ದಾರೆ. ಒಂಟಿಯಾಗಿ ಆಡುವುದು, ಬೇರೆಯವರ ಆಟವನ್ನು ನಿಂತು ನೋಡುವುದು, ಪಕ್ಕಪಕ್ಕದಲ್ಲಿ ಕೂತು ತಂತಮ್ಮ ಆಟ ಆಡುವುದು, ಒಬ್ಬರಿಂದೊಬ್ಬರು ಸಾಮಾನು ಪಡೆಯುತ್ತಾ ಆಡುವುದು, ಎಲ್ಲರೂ ಸೇರಿ ಒಂದೇ ಆಟ ಕಟ್ಟುವುದು, ಹೀಗೆ. ಪಕ್ಕಪಕ್ಕದ ಆಟ ಎರಡು ಮೂರು ವರ್ಷದವರಲ್ಲಿ ತೀರ ಸಹಜ. ಇದು ಗೊತ್ತಿರುವ ಶಿಕ್ಷಕಿ ‘ಹೋಗು, ಅವಳ ಜೊತೆ ಆಡು’ ಎಂದು ಮಗುವಿನ ರಟ್ಟೆ ಹಿಡಿದು ಎಳೆಯುವುದಿಲ್ಲ. ನಿಂತು ನೋಡುತ್ತಿರುವ ಮಗುವನ್ನು ಮಂಕು ಎನ್ನುವುದಿಲ್ಲ; ಅದು ಆಗ ಕಲಿಯುತ್ತಿರುತ್ತದೆ.

ಮಾಂಟೆಸರಿ ತರಬೇತಿಯಲ್ಲಿ ಸುಮ್ಮನೆ ಕೂತು ಮಕ್ಕಳನ್ನು ನೋಡುವ ಗಂಟೆಗಳು ಕೋರ್ಸಿನ ಭಾಗವೇ ಆಗಿವೆ. ಈ ಪದ್ಧತಿ ದಕ್ಷಿಣ ಭಾರತದಲ್ಲಿ ಇಷ್ಟು ಬೇರುಬಿಡಲು ಒಂದು ಯುದ್ಧವೂ ಕಾರಣ. ಮರಿಯಾ ಮಾಂಟೆಸರಿ 1939ರ ನವೆಂಬರಿನಲ್ಲಿ ಮದರಾಸಿನ ಅಡಯಾರಿಗೆ ಬಂದದ್ದು ಕೆಲವು ತಿಂಗಳ ತರಬೇತಿ ಕೊಡಲೆಂದು. ಕಲಿಯಲು ಮುನ್ನೂರಕ್ಕೂ ಹೆಚ್ಚು ಮಂದಿ ಸೇರಿದ್ದರು. ಅಷ್ಟರಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷ್ ಭಾರತದಲ್ಲಿ ಇಟಲಿಯ ಪ್ರಜೆಗಳು ಶತ್ರುಗಳಾದರು. ಮಗ ಮಾರಿಯೋರನ್ನು ಸೆರೆಯಲ್ಲಿಟ್ಟರು, ತಾಯಿಯ ಓಡಾಟಕ್ಕೆ ಕಟ್ಟು ಹಾಕಿದರು. ಮಾಂಟೆಸರಿಯವರ ಎಪ್ಪತ್ತನೆಯ ಹುಟ್ಟುಹಬ್ಬದ ಹೊತ್ತಿಗೆ, 1940ರ ಆಗಸ್ಟಿನಲ್ಲಿ, ಮಗನನ್ನು ಬಿಟ್ಟರು. 1946ರವರೆಗೂ ಅವರು ಇಲ್ಲೇ ಉಳಿದು ತರಬೇತಿ ನಡೆಸಿದರು. ಆ ಸಾಲಿನ ಶಿಕ್ಷಕಿಯರು ಕಲಿಕೆಯ ಸಾಮಗ್ರಿಯ ಪ್ರತಿ ಬಳಕೆಯನ್ನೂ ತಾವೇ ಬರೆದು, ಚಿತ್ರ ಬಿಡಿಸಿ, ದಪ್ಪ ಆಲ್ಬಂ ಮಾಡುತ್ತಾರೆ. ಅದರ ಗುರಿ ಪ್ರದರ್ಶನವಲ್ಲ. ಮಗುವಿನ ಮುಂದೆ ಕೂತಾಗ ಪುಸ್ತಕ ತೆರೆಯುವ ಪ್ರಸಂಗ ಬಾರದಿರಲಿ ಎಂಬುದು ಅದರ ಗುರಿ.

ಹಣವಿದ್ದವರ ಮನೆಯ ಮಕ್ಕಳಿಗೆ ಇದೆಲ್ಲ ಸರಿ, ಹಳ್ಳಿಗೆ ಹೇಗೆ ಎಂಬ ಪ್ರಶ್ನೆಯನ್ನು ಗಿಜುಭಾಯಿಯವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್ ತಮಗೇ ಕೇಳಿಕೊಂಡರು. 1945ರಲ್ಲಿ ಮಹಾರಾಷ್ಟ್ರದ ಕಡಲಂಚಿನ ಬೋರ್ಡಿಯಲ್ಲಿ ಬಾಲವಾಡಿ ತೆರೆದರು. ಅನುತಾಯಿ ವಾಘ್ ಜೊತೆಯಾದರು. ಬಡವರ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಹಾಗಿದ್ದರೆ ಬಾಲವಾಡಿಯೇ ಅವರ ಮನೆಯಂಗಳಕ್ಕೆ ಹೋಗಲಿ ಎಂದು ಇವರು ಕೇರಿಗೆ ನಡೆದರು. ಅಂಗನವಾಡಿ ಎಂಬ ಮಾತು ಬಂದದ್ದು ಆ ಅಂಗಳದಿಂದ. ಮುಂದೆ ಕೋಸಬಾಡದ ಗುಡ್ಡದಲ್ಲಿ ಆದಿವಾಸಿ ಮಕ್ಕಳು ದನ ಕಾಯಲು ಹೋದಲ್ಲಿಗೇ ಶಾಲೆ ಹೋಯಿತು. ಕಲಿಕೆಯ ಸಾಮಗ್ರಿಯೆಂದರೆ ಕಲ್ಲು, ಚಿಪ್ಪು, ಎಲೆ, ಬೀಜ. ಪಾಠಕ್ಕೂ ಮುಂಚೆ ನಡೆಯುತ್ತಿದ್ದುದು ಮಕ್ಕಳ ಮೈ ತೊಳೆಯುವುದು, ತಲೆ ಬಾಚುವುದು. ಮಗುವಿನ ಮೂಗು ಒರೆಸುವುದು ಸಹಾಯಕಿಯ ಕೆಲಸ, ತನ್ನದು ಬೋಧನೆ ಎಂದು ಬಗೆಯುವ ಪ್ರಶಿಕ್ಷಣಾರ್ಥಿ ಈ ಇಬ್ಬರು ಹೆಂಗಸರ ಬಗ್ಗೆ ಓದಬೇಕು. ಎಳೆಯರ ತರಗತಿಯಲ್ಲಿ ಮೂಗು ಒರೆಸುವುದೂ ಚಡ್ಡಿ ಬದಲಿಸುವುದೂ ಬೋಧನೆಯೇ. ಅದನ್ನು ಮಾಡುವಾಗಿನ ದನಿ, ಮುಖಭಾವ, ಅವಸರ ಮಗುವಿಗೆ ತನ್ನ ಮೈಯ ಬಗ್ಗೆ ಏನನ್ನೋ ಕಲಿಸಿಯೇ ತೀರುತ್ತವೆ.

ಸಾಮಗ್ರಿಯ ವಿಷಯದಲ್ಲಿ ಒಂದು ಎಚ್ಚರ. ಹುಣಸೆಬೀಜ, ಗುಲಗಂಜಿ, ಮಣಿ, ಗೋಲಿ ಎಣಿಕೆಗೆ ಚಂದ; ಆದರೆ ಮೂರರ ಆಸುಪಾಸಿನ ಮಗುವಿಗೆ ಬಾಯಿ ಇನ್ನೂ ಪರೀಕ್ಷೆಯ ಕೋಣೆ. ಅಡ್ಡಳತೆ ಮೂರು ಸೆಂಟಿಮೀಟರಿಗಿಂತ ಕಡಿಮೆಯಿರುವ ಯಾವ ವಸ್ತುವೂ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಗುಲಗಂಜಿಯಂತೂ ವಿಷದ ಬೀಜ, ತರಗತಿಯ ಹತ್ತಿರಕ್ಕೂ ತರಬಾರದು. ತೆಂಗಿನ ಚಿಪ್ಪು, ಬಾಟಲಿಯ ದೊಡ್ಡ ಮುಚ್ಚಳ, ಬಟ್ಟೆಯ ಚೆಂಡು, ದೊಡ್ಡ ಕಟ್ಟಿಗೆ ತುಂಡು ಸಾಕು. ಕಿಂಡರ್‌ಗಾರ್ಟನ್ ಎಂಬ ಹೆಸರು ಕೊಟ್ಟ ಫ್ರೋಬೆಲ್ ತನ್ನ ಮಕ್ಕಳ ಕೈಗೆ ಮೊದಲ ಉಡುಗೊರೆಯೆಂದು ಇಟ್ಟದ್ದು ಉಣ್ಣೆಯ ಚೆಂಡುಗಳನ್ನು. ನಮ್ಮ ಅಜ್ಜಿಯರ ಬಟ್ಟೆಚೆಂಡಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಇನ್ನು ಬರೆಸುವ ಗಲಾಟೆ. ಇಂಟರ್ನ್‌ಶಿಪ್ಪಿಗೆ ಬಂದ ಹುಡುಗಿಗೆ ಎರಡನೆಯ ವಾರದಲ್ಲೇ ಎದುರಾಗುವ ಸಂಕಟ ಇದು. ಗೇಟಿನ ಹತ್ತಿರ ಒಬ್ಬ ತಂದೆ ತಡೆದು ಕೇಳುತ್ತಾರೆ: ‘ಏನ್ ಮಿಸ್, ಒಂದ್ ತಿಂಗ್ಳಾಯ್ತು, ಇನ್ನೂ ಅ ಆ ಇ ಈ ಬರ್ಸಿಲ್ವಲ್ಲ?’ ಕಾಲೇಜಿನಲ್ಲಿ ಕಲಿತದ್ದು ಒಂದು, ಫೀಸು ಕಟ್ಟಿದವರು ಕೇಳುವುದು ಇನ್ನೊಂದು. ಅವರಿಗೆ ಉತ್ತರ ಕೊಡಲು ಅವಳಿಗೆ ಸಿದ್ಧಾಂತ ಬೇಡ, ಒಂದು ಮಣಿಕಟ್ಟಿನ ಎಕ್ಸ್‌ರೇ ಸಾಕು. ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವೆಲ್ಲ ಬರೀ ಮೃದ್ವಸ್ಥಿ. ಮೊದಲ ವರ್ಷದೊಳಗೆ ಎರಡು ಗಟ್ಟಿಯಾಗತೊಡಗುತ್ತವೆ. ಮೂರು ನಾಲ್ಕು ವರ್ಷದ ಹೊತ್ತಿಗೂ ಅರ್ಧದಷ್ಟೇ ಆ ಹಂತಕ್ಕೆ ಬಂದಿರುತ್ತವೆ. ಅಂಥ ಕೈಗೆ ಸಣ್ಣ ಪೆನ್ಸಿಲು ಕೊಟ್ಟು ನಾಲ್ಕು ಗೆರೆಯ ಪುಸ್ತಕದಲ್ಲಿ ಪುಟ ತುಂಬಿಸು ಎಂದರೆ ಮಗು ಮುಷ್ಟಿಯಲ್ಲಿ ಹಿಡಿದು ಒತ್ತುತ್ತದೆ, ಹಾಳೆ ಹರಿಯುತ್ತದೆ, ಆಮೇಲೆ ಬರೆಯುವುದೆಂದರೇ ಬೇಡವಾಗುತ್ತದೆ. ಚಪಾತಿ ಹಿಟ್ಟು ನಾದುವುದು, ಜೇಡಿಮಣ್ಣಿನ ಉಂಡೆ ಮಾಡುವುದು, ಒದ್ದೆ ಬಟ್ಟೆ ಹಿಂಡುವುದು, ಅವರೆಕಾಯಿ ಬಿಡಿಸುವುದು, ಮರಳಿನಲ್ಲಿ ಬೆರಳಾಡಿಸುವುದು, ಇವೆಲ್ಲ ಬರವಣಿಗೆಯ ಪೂರ್ವಪಾಠಗಳು. ಈ ಕೆಲಸ ಯಾವುದಕ್ಕೆ ಎಂದು ತಂದೆಗೆ ಎರಡೇ ಮಾತಿನಲ್ಲಿ ಹೇಳುವುದನ್ನು ಪ್ರಶಿಕ್ಷಣಾರ್ಥಿ ಮೊದಲೇ ಅಭ್ಯಾಸ ಮಾಡಿಕೊಂಡಿರಬೇಕು.

ಅಕ್ಷರದ ಕ್ರಮವೇ ದೈವದತ್ತವಲ್ಲ ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ಅಲ್ಲಿ ಕಂಡದ್ದನ್ನು ತಮ್ಮ ಮಕ್ಕಳಿಗೆ ಹೊಂದಿಸಿಕೊಂಡು, ಯುನಿಸೆಫ್ ಬೆಂಬಲದಿಂದ, ಕಾರ್ಡು, ಹಾಡು, ಗುಂಪು ಕೆಲಸಗಳ ನಲಿ-ಕಲಿಯನ್ನು ಕಟ್ಟಿದರು. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗಳಿಗೆ ಹರಡಿತು. ಅದರಲ್ಲಿ ಮಗು ಮೊದಲು ಕಲಿಯುವ ಅಕ್ಷರಗಳು ರ, ಗ, ಸ, ದ, ಅ. ಬರೆಯುವ ಕೈಗೆ ಆಕಾರಗಳು ಹತ್ತಿರವಿರಬೇಕು, ಐದೇ ಅಕ್ಷರದಿಂದ ‘ಸರ’, ‘ಗರಗಸ’, ‘ದರ’ದಂಥ ಮಾತು ಕಟ್ಟಲು ಬರಬೇಕು ಎಂಬ ಲೆಕ್ಕಾಚಾರ ಅದು. ಸಂಶೋಧನಾ ಸಂಸ್ಥೆಯಿಂದ ಇಳಿದು ಬಂದದ್ದಲ್ಲ, ತರಗತಿಯಲ್ಲಿ ನಿಂತವರು ಮಕ್ಕಳನ್ನು ನೋಡಿ ನೋಡಿ ಮಾಡಿದ್ದು. ಇಂಟರ್ನ್‌ಶಿಪ್ಪಿನ ಹುಡುಗಿಗೆ ಅಂಗನವಾಡಿಯಲ್ಲಿ ಸಿಗುವ ‘ಚಿಲಿಪಿಲಿ’ ಕೈಪಿಡಿಯನ್ನೂ ಒಂದನೇ ತರಗತಿಯ ನಲಿ-ಕಲಿ ಕಾರ್ಡುಗಳನ್ನೂ ಒಟ್ಟಿಗೆ ಹರಡಿಕೊಂಡು ಒಂದು ಸಂಜೆ ಕೂತರೆ, ಮಗು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬ ದಾರಿ ಕಾಣುತ್ತದೆ.

ಹಾಡಿನ ಸಂಗತಿಗೆ ಬಂದರೆ ಕನ್ನಡದವರು ಪುಣ್ಯವಂತರು. ಜಿ.ಪಿ. ರಾಜರತ್ನಂ ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದಾಗ ಪಠ್ಯದಲ್ಲಿದ್ದ ಪದ್ಯಗಳು ಮಕ್ಕಳಿಗೆ ರುಚಿಸಲಿಲ್ಲವೆಂದು ತಾವೇ ಬರೆಯಲು ಕೂತರು. ‘ತುತ್ತೂರಿ’ ಹುಟ್ಟಿದ್ದು ಹಾಗೆ. ‘ಹಾವಿನ ಹಾಡು’ ಬರೆದ ಪಂಜೆ ಮಂಗೇಶರಾಯರೂ ಶಾಲೆಯ ಒಳಹೊರಗು ಬಲ್ಲ ಶಿಕ್ಷಕರು, ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು. ಕೂಸುಗಳ ಕಿವಿಗೆ ಹೇಳಿ, ಅವು ಕುಣಿದವೋ ಆಕಳಿಸಿದವೋ ನೋಡಿ ಪಳಗಿದ ಕೈಗಳು ಇವು. ತರಬೇತಿಗೆ ಹೊರಡುವವರು ಇಂಥ ಇಪ್ಪತ್ತು ಹಾಡು, ಹತ್ತು ಕತೆ ಬಾಯಿಪಾಠ ಮಾಡಿಕೊಂಡಿದ್ದರೆ ಅರ್ಧ ಚಾರ್ಟಿನ ಖರ್ಚು ಉಳಿಯುತ್ತದೆ. ಬಾಯಿಪಾಠವೇ ಆಗಿರಬೇಕು. ಮೊಬೈಲು ಹಿಡಿದು ಯೂಟ್ಯೂಬಿನಲ್ಲಿ ಹಾಡು ಹಚ್ಚಿಟ್ಟರೆ ಮಕ್ಕಳ ಕಣ್ಣು ಪರದೆಗೆ ಅಂಟುತ್ತದೆ. ಶಿಕ್ಷಕಿಯ ಬಾಯಿಂದ ಬಂದರೆ ಅವಳ ಮುಖಕ್ಕೆ ಅಂಟುತ್ತದೆ. ಜೊತೆಗೆ, ಮಳೆ ಬಂದು ಹೆಂಚಿನ ಮೇಲೆ ಸದ್ದಾದ ಕ್ಷಣವೇ ಮಳೆಯ ಹಾಡು ಎತ್ತಿಕೊಳ್ಳಲು ಪರದೆಗೆ ಬಾರದು.

ಮಗುವಿನ ಮನೆಮಾತು ಕನ್ನಡವೇ ಆಗಿರಬೇಕೆಂದಿಲ್ಲ. ಮಂಗಳೂರಿನ ಕಡೆಯ ಮಗು ‘ಬಂಜಿ ಬೇನೆ’ ಎಂದು ಅತ್ತರೆ ಮೈಸೂರಿನಿಂದ ಬಂದ ಹುಡುಗಿಗೆ ಅದು ಹೊಟ್ಟೆನೋವು ಎಂದು ತಿಳಿಯದು. ಲಂಬಾಣಿ ತಾಂಡಾದ ಮಗುವಿಗೆ ನೀರೆಂದರೆ ಪಾಣಿ, ಕೊಂಕಣಿ ಮನೆಯ ಮಗುವಿಗೆ ಉದಾಕ್. ಹೋಗುವ ಊರು ಯಾವುದೆಂದು ಗೊತ್ತಾದ ದಿನವೇ ಹತ್ತು ಮಾತು ಕಲಿತುಕೊಳ್ಳುವುದು ಒಳ್ಳೆಯ ಸಿದ್ಧತೆ: ನೀರು, ಹೊಟ್ಟೆ, ನೋವು, ಅಮ್ಮ, ಒಂದಕ್ಕೆ, ಬಾ, ಬೇಡ, ಸಾಕು, ಹೆದರಿಕೆ, ಮನೆ. ಊರಿನ ಮಕ್ಕಳು ಶಿಕ್ಷಕಿಯನ್ನು ಕರೆಯುವುದು ಟೀಚರ್ ಎಂದೋ, ಮಿಸ್ ಎಂದೋ, ಅಕ್ಕೋರು ಎಂದೋ ಅದನ್ನೂ ತಿಳಿದಿದ್ದರೆ ಕರೆದಾಗ ತಿರುಗಿ ನೋಡಬಹುದು.

ಪ್ರಶ್ನೆ ಕೇಳಿ ಕಾಯುವುದು ಇನ್ನೊಂದು ವಿದ್ಯೆ. ಅಮೆರಿಕದ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಎಂದು ಕಂಡುಬಂತು. ಮೂರು ಸೆಕೆಂಡು ಕಾದಲ್ಲಿ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ನಾಲ್ಕು ವರ್ಷದ ಮಗುವಿಗೆ ಮೂರು ಸೆಕೆಂಡೂ ಸಾಲದು. ಹಿಂದೆ ಮಾರ್ಗದರ್ಶಕರು ಕೂತಿರುವಾಗ ಆ ಮೌನ ಪ್ರಶಿಕ್ಷಣಾರ್ಥಿಗೆ ಯುಗದಂತೆ ತೋರುತ್ತದೆ; ಅವಳು ಗಾಬರಿಯಾಗಿ ತಾನೇ ಉತ್ತರ ಹೇಳಿಬಿಡುತ್ತಾಳೆ. ಮಾರ್ಗದರ್ಶಕರು ಆ ಮೌನಕ್ಕೂ ಅಂಕ ಕೊಡುವಂತಾದರೆ ಎಷ್ಟು ಚೆನ್ನ.

ಆತಿಥೇಯ ಶಿಕ್ಷಕಿಯ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಇಪ್ಪತ್ತು ವರ್ಷ ಅಂಗನವಾಡಿ ನಡೆಸಿದ ಕಾರ್ಯಕರ್ತೆ ಹಾಲು, ಮೊಟ್ಟೆ, ತೂಕ, ಲಸಿಕೆ, ಗರ್ಭಿಣಿಯರ ಲೆಕ್ಕ, ಮೊಬೈಲಿನಲ್ಲಿ ತುಂಬುವ ಮಾಹಿತಿ ಎಲ್ಲದರ ನಡುವೆ ಪಾಠವನ್ನೂ ಮಾಡುತ್ತಾರೆ. ಎಳೆಯ ಮಕ್ಕಳ ಪಾಲನೆ ಮತ್ತು ಶಿಕ್ಷಣದ ಬಗೆಗಿನ 2013ರ ರಾಷ್ಟ್ರೀಯ ನೀತಿ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ಇರಬೇಕು ಎಂದಿತ್ತು. ಒಬ್ಬ ಕಾರ್ಯಕರ್ತೆಯ ಮೇಲೆ ಇಷ್ಟು ಹೊರೆ ಇರುವಲ್ಲಿ ಆ ಲೆಕ್ಕಕ್ಕೆ ಅರ್ಥ ಉಳಿಯುವುದಿಲ್ಲ. ಅಂಥವರಲ್ಲಿಗೆ ಬಂದ ಹೊಸಬಳು ಮೊದಲ ದಿನವೇ ‘ನಮ್ಮ ಕಾಲೇಜಲ್ಲಿ ಹೀಗೆ ಹೇಳಿಲ್ಲ’ ಎಂದರೆ ಕದ ಮುಚ್ಚಿದಂತೆ. ‘ಅಕ್ಕಾ, ಆ ಅಳೋ ಮಗೂನ ನೀವು ಹೇಗೆ ಸುಮ್ಮನಿರಿಸಿದ್ರಿ?’ ಎಂದು ಕೇಳಿದರೆ ಪುಸ್ತಕದಲ್ಲಿಲ್ಲದ ಹತ್ತು ಸಂಗತಿ ಸಿಗುತ್ತವೆ. ಅಳುವ ಮಗುವಿಗೆ ಅಮ್ಮ ಹೋಗುತ್ತಿರುವುದನ್ನು ಬಚ್ಚಿಡಬಾರದು, ಕಣ್ಣೆದುರೇ ಟಾಟಾ ಹೇಳಿಸಿ ಕಳಿಸಬೇಕು, ಊಟ ಆದ ಮೇಲೆ ಬರ್ತಾರೆ ಎಂದು ನಿಜವನ್ನೇ ಹೇಳಬೇಕು, ಅಮ್ಮನ ಕರವಸ್ತ್ರವೊಂದನ್ನು ಮಗುವಿನ ಕೈಯಲ್ಲಿರಲು ಬಿಡಬೇಕು ಎಂಬಂಥವು.

ಹಾಗೆಂದು ಎಲ್ಲವನ್ನೂ ಒಪ್ಪಬೇಕಿಲ್ಲ. ಅವಳು ಹೋದ ಶಾಲೆಯಲ್ಲಿ ಸ್ಕೇಲು ಕೈಯಲ್ಲಿ ಹಿಡಿದೇ ತರಗತಿಗೆ ಬರುವವರು ಇರಬಹುದು, ಒದ್ದೆ ಮಾಡಿಕೊಂಡ ಮಗುವನ್ನು ಎಲ್ಲರೆದುರು ನಗೆಗೀಡು ಮಾಡುವವರು ಇರಬಹುದು. ಅದನ್ನು ಕಂಡು ಸುಮ್ಮನಿರುವುದೂ ಕಷ್ಟ, ಅಂಕದ ಭಯದಲ್ಲಿ ಮಾತಾಡುವುದೂ ಕಷ್ಟ. ಇಂಥ ಹೊತ್ತಿನಲ್ಲಿ ಯಾರಿಗೆ ಹೇಳಬೇಕು ಎಂಬುದನ್ನು ಕಾಲೇಜು ಹುಡುಗಿಯರನ್ನು ಕಳಿಸುವ ಮೊದಲೇ ತಿಳಿಸಿರಬೇಕು. ಅವಳೊಬ್ಬಳ ಧೈರ್ಯಕ್ಕೆ ಬಿಟ್ಟುಬಿಡುವುದು ನ್ಯಾಯವಲ್ಲ. ಹಾಗೆಯೇ, ಮಕ್ಕಳ ಫೋಟೊ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುವ ಚಪಲವನ್ನು ಮನೆಯಲ್ಲೇ ಬಿಟ್ಟು ಬರಬೇಕು. ಆ ಮುಖಗಳ ಮೇಲೆ ಅವಳಿಗೆ ಹಕ್ಕಿಲ್ಲ.

ಕೊನೆಯ ವಾರಕ್ಕೂ ಸಿದ್ಧತೆ ಬೇಕು ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಜೂನಿನಲ್ಲಿ ಅಮ್ಮನ ಸೆರಗು ಬಿಡದ ಮಗು ಈಗ ಇವಳ ವೇಲಿನ ತುದಿ ಹಿಡಿದಿರುತ್ತದೆ. ಒಂದು ಬೆಳಿಗ್ಗೆ ಇವಳು ಇದ್ದಕ್ಕಿದ್ದಂತೆ ಬರದೇ ಹೋದರೆ ಅದಕ್ಕೆ ಯಾರು ಏನು ಹೇಳುತ್ತಾರೆ? ಒಂದು ವಾರ ಮೊದಲೇ ಹೇಳಬೇಕು. ಗೋಡೆಯ ಮೇಲೆ ಐದು ಎಲೆ ಅಂಟಿಸಿ, ದಿನಕ್ಕೊಂದು ಮಕ್ಕಳ ಕೈಯಿಂದಲೇ ತೆಗೆಸಿದರೆ, ನಾಳೆ ಎಂಬ ಮಾತು ಇನ್ನೂ ಪೂರ್ತಿ ದಕ್ಕದವರಿಗೂ ಎಷ್ಟು ದಿನ ಉಳಿಯಿತು ಎಂದು ಕಣ್ಣಿಗೆ ಕಾಣುತ್ತದೆ. ಕೊನೆಯ ಎಲೆಯ ದಿನ ಅವಳು ತನ್ನ ನೋಟ್‌ಬುಕ್ಕಿನಿಂದ ಕೆಲವು ಹಾಳೆಗಳನ್ನು ಬಿಡಿಸಿ ಅಲ್ಲಿನ ಟೀಚರ ಕೈಗೆ ಕೊಟ್ಟು ಬರುತ್ತಾಳೆ. ಮರಳಿನ ಹುಡುಗನ ಹಾಳೆಯ ಕೆಳಗೆ ಸೆಪ್ಟೆಂಬರಿನ ತಾರೀಕಿನ ಎದುರು ಹೀಗೆ ಬರೆದಿರುತ್ತದೆ: ‘10.40. ಲೋಟ ತಾನಾಗಿಯೇ ಕೊಟ್ಟ. ನೀನು ಸುರಿ, ನಾನು ಎಣಿಸ್ತೀನಿ ಅಂದ. ಹನ್ನೊಂದರವರೆಗೆ ಎಣಿಸಿದ. ಹನ್ನೆರಡು ಬಿಟ್ಟು ಹದಿಮೂರು ಅಂದ.’